ಅತ್ತೆಯ ಕಿಟಕಿಯ ಮೇಲೆ ಸಿನಿಮಾ

೧೯೮೩ನೆಯ ಇಸವಿ; ನನಗೆ ಆಗ ಹತ್ತು ವರ್ಷ. ಆ ಬೇಸಿಗೆಯಲ್ಲಿ ಮಸ್ಕಿಯ ನಮ್ಮ ಮನೆಯ ಹಿಂಗೋಡೆ ಸಿನಿಮಾದ ಪರದೆಯಾಯಿತು. ಆ ಗೋಡೆಯಲ್ಲಿದ್ದ ಒಂದೇ ಒಂದು ಕಿಟಕಿಯನ್ನು ಅದಕ್ಕಾಗಿ ಹಸಿ ಇಟ್ಟಿಗೆ ಇಟ್ಟು ಮುಚ್ಚಲಾಯಿತು. ಕಿಟಕಿ ನನ್ನ ಸೋದರತ್ತೆ ನೀಲಮ್ಮನದು. ಒಂದು ಮನೆಯ ಕಿಟಕಿಗೆ ಪ್ರತ್ಯೇಕ ಒಡತಿ ಇರುವುದು ಓದುಗರಿಗೆ ವಿಚಿತ್ರವೆನಿಸಬಹುದು. ನಮ್ಮ ಮನೆಯಲ್ಲಿ ಪಡಸಾಲೆ ಅಪ್ಪನದು, ಅಡಿಗೆಮನೆ ಅವ್ವನದು, ಬಾಗಿಲ ಪಕ್ಕದ ಕಟ್ಟೆ ಆಯಿಯದು, ಅಂದರೆ ಅಪ್ಪನ ತಾಯಿಯದು. ನೀಲಮ್ಮತ್ತೆಗೆಂದು ಉಳಿದದ್ದು ಹಿಂದಿನ ಕೋಣೆಯ ಆ ಕಿಟಕಿ ಮಾತ್ರ. ನಾವು ಹೊಸ್ತಿಲೆಂದು ಕರೆಯುತ್ತಿದ್ದ ಅದರ ಕೆಳಗಿನ ಅಂಚಿನ ಮೇಲೆ ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗವಿತ್ತು, ಏಕೆಂದರೆ ಗೋಡೆ ಅಷ್ಟು ದಪ್ಪವಾಗಿತ್ತು. ಅಲ್ಲಿ ಕೂತರೆ ನಮ್ಮ ಬೀಳು ಹೊಲ, ಹೊಲದಾಚೆ ಲಿಂಗಸುಗೂರಿನ ರಸ್ತೆ, ರಸ್ತೆಯಾಚೆ ಬಂಡೆಗಳ ಗುಡ್ಡ ಕಾಣುತ್ತಿದ್ದವು.

ಮಾವ, ಅಂದರೆ ಅತ್ತೆಯ ಗಂಡ, ಹೋದದ್ದು ಆ ರಸ್ತೆಯಿಂದಲೇ. ಅವರು ಲಾರಿ ಓಡಿಸುತ್ತಿದ್ದರು. ಸಿಂಧನೂರಿನ ಭತ್ತವನ್ನು ದೂರದ ಊರುಗಳಿಗೆ ಒಯ್ಯುತ್ತಿದ್ದರು. ಹೋದ ಊರಲ್ಲೆಲ್ಲ ಸಿನಿಮಾ ನೋಡಿ ಬಂದು, ಅತ್ತೆ ತವರಿಗೆ ಬಂದಿದ್ದಾಗಲೆಲ್ಲ ಆ ಕಿಟಕಿಯ ಹೊಸ್ತಿಲ ಮೇಲೆ ಕೂತು ಅತ್ತೆಗೆ ಅದರ ಮಾತುಗಳನ್ನೆಲ್ಲ ಒಪ್ಪಿಸುತ್ತಿದ್ದರಂತೆ. ಆಮೇಲೆ ಯಾವಾಗಲೋ ಆ ಸಿನಿಮಾ ಈ ಸೀಮೆಗೆ ಬಂದಾಗ ಅವಳನ್ನು ಬಂಡಿಯಲ್ಲಿ ಕರೆದೊಯ್ದು, ಪರದೆಯ ಮೇಲಿನವರು ಬಾಯಿ ತೆರೆಯುವ ಮೊದಲೇ ಇವರು ಆ ಮಾತು ಆಡಿಬಿಡುತ್ತಿದ್ದರಂತೆ. ಅಕ್ಕಪಕ್ಕದವರು ಬೈಯುತ್ತಿದ್ದರು, ಅತ್ತೆ ನಗುತ್ತಿದ್ದಳು. ಮಾವನಿಗೆ ಮೂವತ್ತೈದಾಗಿದ್ದಾಗ ಒಂದು ಸಲ ಹೋದ ಲಾರಿ ಹಿಂದಿರುಗಲಿಲ್ಲ. ಲಾರಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಅತ್ತೆ ಗಂಡನ ಮನೆಯಿಂದ ನಮ್ಮ ಮನೆಗೆ ಬಂದು ಆ ಕಿಟಕಿಯಲ್ಲಿ ಕೂತಳು. ಮಾವನ ಪ್ರಸ್ತಾಪ ಬಂದಾಗ ಇದ್ದಾರೆನ್ನಬೇಕೋ ಇದ್ದರೆನ್ನಬೇಕೋ ತಿಳಿಯದೆ ನಮ್ಮವರು ವಾಕ್ಯದ ಕೊನೆಯ ಕ್ರಿಯಾಪದವನ್ನು ನುಂಗಿಬಿಡುತ್ತಿದ್ದರು. ವಾಕ್ಯ ಪೂರ್ತಿಯಾಗದಿದ್ದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅದು ಯಾವ ಶಾಲೆಯೂ ಕಲಿಸಿದ್ದಲ್ಲ.

ಲಿಂಗಸುಗೂರಿನ ಖಾಸಿಂಸಾಬರದು ಊರೂರು ತಿರುಗುವ ಟೂರಿಂಗ್ ಟಾಕೀಸು. ಆ ವರ್ಷದ ಗಾಳಿಗೆ ಅವರ ಟೆಂಟು ಹರಿದು ಚಿಂದಿಯಾಗಿತ್ತು. ನಮ್ಮ ಹಿಂಗೋಡೆಯ ಅಗಲ ಮತ್ತು ಅದರ ಮುಂದಿನ ಬೀಳು ಹೊಲ ಕಂಡು ಅವರು ಅಪ್ಪನನ್ನು ಕೇಳಿದರು. ಅಪ್ಪ ಒಪ್ಪುವ ಮೊದಲು ಆಯಿ ಒಪ್ಪಿದಳು. ಅವಳಿಗೆ ಸಿನಿಮಾ ಬೇಕಿರಲಿಲ್ಲ. ಕಿಟಕಿ ಹೋದರೆ ಕಾಯುವುದೂ ಹೋದೀತೆಂದು ಅವಳು ಎಣಿಸಿದ್ದಳು. ಗೌಂಡಿ ಇಟ್ಟಿಗೆ ತಂದ ದಿನ ಅತ್ತೆ ಅಪ್ಪನ ಕಾಲು ಹಿಡಿದಳು.

“ಯಣ್ಣಾ, ಮುಚ್ಚಬ್ಯಾಡೋ. ಅವರು ಬಂದ್ರ ಮೊದಲ ಈ ಕಿಟಕೀನ ನೋಡ್ತಾರ.”

“ಬಂದ್ರ ಬಾಗಿಲಿಲ್ಲೇನವಾ ಮನಿಗೆ?” ಎಂದಳು ಆಯಿ. “ಬಾಗಿಲಿದ್ದ ಮನಿಗೆ ಕಿಟಕ್ಯಾಗ ಬರಾಂವ ಅಳಿಯ ಅಲ್ಲ, ಕಳ್ಳ.”

ಅತ್ತೆ ಏಳಲಿಲ್ಲ. ಅವ್ವ ಅವಳ ರಟ್ಟೆ ಹಿಡಿದು ಅಡಿಗೆಮನೆಗೆ ಕರೆದೊಯ್ದಳು. ಸಂಜೆಯ ಹೊತ್ತಿಗೆ ಹೊರಗಿನಿಂದ ಗೋಡೆ ಸುಣ್ಣ ಬಳಿದು ಒಂದೇ ಸಮ ಬೆಳ್ಳಗಾಗಿತ್ತು. ಒಳಗಿನಿಂದ ಕಿಟಕಿಯ ಜಾಗದಲ್ಲಿ ಒಂದು ಆಳವಾದ ಗೂಡು ಉಳಿದಿತ್ತು.

ಇನ್ನು ಆಟದ ವ್ಯವಸ್ಥೆಯ ಬಗ್ಗೆ ಹೇಳಬೇಕು. ಹೊಲದ ಆ ತುದಿಯಲ್ಲಿ ತಗಡಿನ ಗೂಡಿನೊಳಗೆ ಯಂತ್ರ, ಸುತ್ತ ಜಾಲಿಮುಳ್ಳಿನ ಬೇಲಿ, ನಮ್ಮ ಮಾಳಿಗೆಯ ಮೇಲೆ ಬೊಂಬಿಗೆ ಕಟ್ಟಿದ ಧ್ವನಿವರ್ಧಕಗಳು. ಹೊತ್ತು ಮುಳುಗುತ್ತಿದ್ದಂತೆ ಸಂತೆಕಲ್ಲೂರಿನ ಕಡೆಯಿಂದ ಬಂಡಿಗಳು, ತುರ್ವಿಹಾಳ ಮತ್ತು ಜವಳಗೇರಾದ ಕಡೆಯಿಂದ ಕಾಲುವೆ ನೀರಿನ ಭಾಗ್ಯದ ಟ್ರ್ಯಾಕ್ಟರುಗಳು ಬರುತ್ತಿದ್ದವು. ಬಂಡಿಯ ಹಿಂಭಾಗವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಎತ್ತುಗಳನ್ನು ಬಿಚ್ಚಿ, ಅವು ಬೆಳಕಿಗೆ ಬೆದರದಂತೆ ರಸ್ತೆಯ ಕಡೆಗೆ ಮುಖ ಮಾಡಿ ಕಟ್ಟುವುದು ಪದ್ಧತಿ. ಬಂಡಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಕೌದಿ, ಕೌದಿಯ ಮೇಲೆ ಇಡೀ ಸಂಸಾರ. ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮುದುಕರು ಮಲಗಿ ನೋಡುತ್ತಿದ್ದರು, ಬಾಣಂತಿಯರು ಸೆರಗು ಹೊದ್ದು ಮಗುವಿಗೆ ಹಾಲೂಡಿಸುತ್ತ ನೋಡುತ್ತಿದ್ದರು. ದೂರದ ದೇಶಗಳಲ್ಲಿ ಜನ ಬಯಲಲ್ಲಿ ಕಾರು ನಿಲ್ಲಿಸಿ ಅದರೊಳಗೇ ಕೂತು ಸಿನಿಮಾ ನೋಡುತ್ತಿದ್ದರೆಂದೂ, ಟಿ.ವಿ. ಬಂದು, ನೆಲದ ಬೆಲೆ ಏರಿ, ಅಂಥ ಬಯಲುಗಳು ಒಂದೊಂದಾಗಿ ಮುಚ್ಚಿದವೆಂದೂ, ಆದರೂ ಅಲ್ಲಲ್ಲಿ ಹಟ ಹಿಡಿದು ಉಳಿದಿವೆಯೆಂದೂ ನಾನು ಓದಿದ್ದು ಬಹಳ ತಡವಾಗಿ. ಓದಿದಾಗ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಮನೆಯನ್ನು ಬಿಟ್ಟು ಬರದೆ, ಮನೆಯನ್ನೇ ಗಾಲಿಯ ಮೇಲಿಟ್ಟು ತಂದು, ನಾಲ್ಕು ಜನರ ನಡುವೆ ನಿಲ್ಲಿಸಿಕೊಳ್ಳುವ ಸುಖಕ್ಕೆ ಎತ್ತಾದರೇನು, ಎಂಜಿನ್ನಾದರೇನು?

ನಮಗೆ ಮಾತ್ರ ಆ ಸುಖವಿರಲಿಲ್ಲ. ನಾವು ಸಿನಿಮಾದ ಬೆನ್ನಿನಲ್ಲಿ ವಾಸವಾಗಿದ್ದೆವು. ಕತ್ತಲಾಗುತ್ತಲೇ ಮಾಳಿಗೆ ಮಾತನಾಡತೊಡಗುತ್ತಿತ್ತು. ಅಳು, ನಗು, ಕುದುರೆಗಳ ಓಟ ಎಲ್ಲವೂ ತಲೆಯ ಮೇಲಿಂದ ಸುರಿಯುತ್ತಿದ್ದವು. ಅವ್ವ ರೊಟ್ಟಿ ತಟ್ಟುವ ಸದ್ದು ಯುದ್ಧದ ಸದ್ದಿನೊಳಗೆ ಮುಳುಗಿ ಹೋಗುತ್ತಿತ್ತು. ಮೊದಲ ವಾರ ನಾನೂ ಹೊಲಕ್ಕೆ ಓಡುತ್ತಿದ್ದೆ. ಅಲ್ಲಿ ಒಂದು ಸಂಗತಿ ಕಂಡಿತು. ಗೋಡೆ ಕಲ್ಲಿನದು, ಮುಚ್ಚಿದ ಕಿಟಕಿ ಮಣ್ಣಿನದು. ಒಣಗಿದ ಮೇಲೆ ಸುಣ್ಣ ಎರಡನ್ನೂ ಒಂದೇ ಸಮ ಹಿಡಿಯಲಿಲ್ಲ. ಪರದೆಯ ಬಲಗಡೆ, ಆಳೆತ್ತರಕ್ಕೆ, ಒಂದು ಮಬ್ಬಾದ ಚೌಕ ಉಳಿದಿತ್ತು. ಯಾವ ಪಾತ್ರ ಅದರೊಳಗೆ ಬಂದು ನಿಂತರೂ ಅವರ ಮುಖ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಆ ಚೌಕದಲ್ಲಿ ನಿಂತವರು ಆಟ ಮುಗಿಯುವುದರೊಳಗೆ ಸಾಯುತ್ತಾರೆಂಬ ನಂಬಿಕೆ ಬಂಡಿಯಿಂದ ಬಂಡಿಗೆ ಹಬ್ಬಿತು. ನಾಯಕನ ತಾಯಿಯೋ ತಂಗಿಯೋ ಆ ಕಡೆ ಸರಿದರೆ ಸಾಕು, ಹೆಂಗಸರು ಕೂಗುತ್ತಿದ್ದರು.

“ಅಲ್ಲಿ ನಿಂದರಬ್ಯಾಡ ಬೇ ಎವ್ವಾ. ಈ ಕಡಿ ಬಾ.”

ಖಾಸಿಂಸಾಬರು ಇನ್ನೊಂದು ಸಲ ಸುಣ್ಣ ಹೊಡೆಸಿದರು, ನೀಲಿ ಬೆರೆಸಿ ಹೊಡೆಸಿದರು. ಒಣಗಿದ ಮೇಲೆ ಚೌಕ ಮತ್ತೆ ಮೂಡಿತು.

“ಗೋಡಿ ಏನೂ ಮಾಡಂಗಿಲ್ಲ ಭಾಯ್,” ಎಂದು ಅವರು ಅಪ್ಪನಿಗೆ ಸಮಾಧಾನ ಹೇಳಿದರು. “ಪಿಚ್ಚರ್ ತೆಗಿಯೋರ ಸಾಯೋರನ್ನ ಬಲಕ್ಕ ನಿಂದ್ರಸ್ತಾರ. ಅವರದ ತಪ್ಪು.”

ಗೋಡೆಯ ಈಚೆ, ಅದೇ ಚೌಕದ ಬೆನ್ನಿಗೆ, ನೀಲಮ್ಮತ್ತೆ ಗೂಡಿನಲ್ಲಿ ಹಣೆ ಇಟ್ಟು ಕೂತಿರುತ್ತಿದ್ದಳು. ಕಿಟಕಿ ಮುಚ್ಚಿದ ಮೇಲೂ ಅವಳು ಜಾಗ ಬಿಡಲಿಲ್ಲ. ಸಂಜೆ ದೀಪ ಹಚ್ಚಿ ಗೂಡಿನಲ್ಲಿಟ್ಟಳು. ಅದನ್ನು ಯಾರೂ ಆಕ್ಷೇಪಿಸಲಿಲ್ಲ. ಒಂದು ಸಂಜೆ ದೀಪದ ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ರೊಟ್ಟಿ, ಪಲ್ಯ, ಒಂದು ತಂಬಿಗೆ ನೀರು ಇಟ್ಟಳು. ಆಯಿ ಅದನ್ನು ಕಂಡಳು. ನಮ್ಮ ಮನೆಯ ಅತಿ ದೊಡ್ಡ ಜಗಳ ಅದೇ.

“ಗೋಡಿಗೆ ಊಟ ಇಡ್ತಾರೇನ? ಅದು ಎಡಿ ಆಕ್ಕೈತಿ. ಸತ್ತೋರಿಗೆ ಇಡೂದು ಅದು.”

“ನಾ ಎಡಿ ಇಟ್ಟಿಲ್ಲ. ಊಟಕ್ಕ ನೀಡೀನಿ.”

“ಇದ್ದೋರಿಗೆ ನೀಡಿದ್ರ ಕುಂತು ಉಣ್ಣಬೇಕು. ಎಲ್ಲಿ ಅದಾನ ಉಣ್ಣಾಂವ?”

“ಹೊರಗ.”

ಆ ಒಂದು ಪದ ಕೇಳಿ ಅವ್ವ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು. ಮಾಳಿಗೆಯ ಮೇಲೆ ಯಾರೋ ಹಾಡುತ್ತಿದ್ದರು. ಅತ್ತೆ ನಿಧಾನವಾಗಿ, ಪಕ್ಕದ ಮನೆಯ ಸುದ್ದಿ ಹೇಳುವವಳಂತೆ ಹೇಳಿದಳು.

“ಮುಂದಿನ ಸಾಲಿನ್ಯಾಗ ಅದಾರ. ಪರದೆದಾಗಿನೋರಕಿಂತ ಮೊದಲ ಮಾತು ಹೇಳಾಕತ್ತಾರ. ಗ್ವಾಡಿಗೆ ಕಿವಿ ಇಟ್ಟು ಕೇಳ್ರಿ ಬೇಕಾದ್ರ.”

ಅವ್ವ ಕಿವಿ ಇಟ್ಟಳು, ಆಯಿ ಇಡಲಿಲ್ಲ. ಮಾಳಿಗೆಯ ಸದ್ದಿನ ನಡುವೆ ತನಗೇನೂ ತಿಳಿಯಲಿಲ್ಲವೆಂದು ಅವ್ವ ಹೇಳಿದಳು. ಆದರೆ ಆಮೇಲೆ ಅವಳು ಸಂಜೆ ಆ ಕೋಣೆಗೆ ಒಬ್ಬಳೇ ಹೋದದ್ದನ್ನು ನಾನು ಕಂಡಿಲ್ಲ. ತಟ್ಟೆ ಬೆಳಿಗ್ಗೆ ಖಾಲಿಯಾಗಿರುತ್ತಿತ್ತು. ಇಲಿಗಳು ಇದ್ದವೆಂಬುದನ್ನು ಇಲ್ಲಿ ಬರೆಯದಿದ್ದರೆ ಅರ್ಧ ಸತ್ಯವಾದೀತು.

ಜಗಳ ನಡೆದ ಕೆಲವು ದಿನಗಳಿಗೆ ಹೊಸ ಸಿನಿಮಾ ಬಂತು. ರೀಲಿನ ಡಬ್ಬಿ ಸಂಜೆಯ ಬಸ್ಸಿಗೆ ಬಂದದ್ದನ್ನು ನಾನೇ ನೋಡಿದ್ದೆ. ಡಬ್ಬಿ ಇಳಿದ ಸ್ವಲ್ಪ ಹೊತ್ತಿಗೆ ಆಟ ಶುರುವಾಯಿತು. ಮೊದಲ ರೀಲು ಮುಗಿಯುವ ಮೊದಲೇ ಅತ್ತೆ ಪಡಸಾಲೆಗೆ ಬಂದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಮದುವಣಗಿತ್ತಿಯ ನಾಚಿಕೆಯಂಥದ್ದೇನೋ ಇತ್ತು.

“ಯಣ್ಣಾ, ಇವತ್ತೂ ಮೊದಲ ಹೇಳಾಕತ್ತಾರ. ಹೋಗಿ ಕರಕೊಂಡು ಬಾ. ತಾವಾಗಿ ಬರಾಕ ನಾಚಿಗಿ ಅವರಿಗೆ.”

ಅಪ್ಪ ಬ್ಯಾಟರಿ ತೆಗೆದುಕೊಂಡ. ಒಬ್ಬನೇ ಹೋಗಲು ಅವನಿಗೂ ಮನಸ್ಸಿರಲಿಲ್ಲವೆಂದು ತೋರುತ್ತದೆ. ನನ್ನ ಕೈ ಹಿಡಿದುಕೊಂಡ. ಬೇಲಿ ದಾಟಿದಾಗ ನಾನು ಮೊದಲು ಕಂಡದ್ದು ಎತ್ತುಗಳನ್ನು. ರಸ್ತೆಗೆ ಮುಖ ಮಾಡಿ ಕಟ್ಟಿದ ಎತ್ತುಗಳೆಲ್ಲ ಹಗ್ಗ ಬಿಗಿಯುವಷ್ಟು ಕತ್ತು ಹೊರಳಿಸಿ ಗೋಡೆಯ ಕಡೆ ನೋಡುತ್ತಿದ್ದವು. ಅವುಗಳ ಕಣ್ಣಲ್ಲಿ ಸಿನಿಮಾದ ಬೆಳಕು ಸಣ್ಣದಾಗಿ ಹೊಳೆದು ಆರುತ್ತಿತ್ತು. ಒಂದೂ ಮೆಲುಕು ಹಾಕುತ್ತಿರಲಿಲ್ಲ. ಅಪ್ಪ ಮುಂದಿನ ಸಾಲಿನ ಬಂಡಿಯೊಂದರಲ್ಲಿ ಕೂತಿದ್ದ ಸಂತೆಕಲ್ಲೂರಿನ ಹೆಂಗಸನ್ನು ಕೇಳಿದ.

“ಇಲ್ಲಿ ಯಾರರೆ ಮಾತು ಮೊದಲ ಹೇಳಾಕತ್ತಾರೇನವಾ?”

“ನಾವ ನಿಮಗ ಕೇಳಬೇಕಂತಿದ್ವಿ ನೋಡ್ರಿ ಯಣ್ಣಾ. ನಿಮ್ಮ ಮನ್ಯಾಗ ಅದ್ಯಾವ ಗಂಡಸು ಕುಂತಾನ? ಗ್ವಾಡಿ ಒಳಗಿಂದ ಎಲ್ಲಾ ಮೊದಲ ಹೇಳಿ ಆಟದ ರುಚಿ ಕೆಡಸ್ಯಾನ. ಅವನ ಬಾಯಿ ಮುಚ್ಚಸ್ರಿ.”

“ನಮ್ಮ ಮನ್ಯಾಗ ಗಂಡಸಂದ್ರ ನಾನ. ನಾ ಇಲ್ಲಿ ನಿಂತೀನಲ್ಲ.”

ಹೆಂಗಸು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಗೋಡೆಯ ಮಬ್ಬು ಚೌಕವನ್ನು ನೋಡಿದಳು. ಆಮೇಲೆ ಮಗ್ಗುಲಲ್ಲಿ ಮಲಗಿದ್ದ ಮಗುವನ್ನು ಮಡಿಲಿಗೆ ಎಳೆದುಕೊಂಡು, ಎತ್ತು ಹೂಡಲು ಗಂಡನಿಗೆ ಹೇಳಿದಳು. ಅಪ್ಪ ಪ್ರತಿ ಬಂಡಿಯಲ್ಲೂ ಬ್ಯಾಟರಿ ಬಿಟ್ಟು ನೋಡಿದ. ಮಾವ ಇರಲಿಲ್ಲ. ಈ ಸಿನಿಮಾವನ್ನು ನಮ್ಮ ಸೀಮೆಯಲ್ಲಿ ಯಾರೂ ನೋಡಿರಲು ಸಾಧ್ಯವಿಲ್ಲವೆಂದು ಖಾಸಿಂಸಾಬರು ಅಲ್ಲಾನ ಮೇಲೆ ಆಣೆ ಇಟ್ಟರು. ಮನೆಗೆ ಬಂದು ಅಪ್ಪ ಅದನ್ನೇ ಹೇಳಿದಾಗ ಅತ್ತೆ ಶಾಂತವಾಗಿ ತಲೆಯಾಡಿಸಿದಳು.

“ಈ ಸೀಮ್ಯಾಗ ನೋಡಿಲ್ಲ, ಖರೆ. ಲಾರಿಯವರಿಗೆ ಯಾವ ಸೀಮಿ ದೂರ?”

ಮರುದಿನ ಅಪ್ಪ ಗುದ್ದಲಿ ಹಿಡಿದು ಹಿಂದಿನ ಕೋಣೆಗೆ ಹೋದ. ಕಿಟಕಿ ತೆರೆದು ಈ ಪಿಡುಗನ್ನು ಮುಗಿಸುವುದು ಅವನ ಇರಾದೆ. ಆಗ ನಡೆದ ಮಾತನ್ನು ನಾನು ಜೀವಮಾನದಲ್ಲಿ ಮರೆತಿಲ್ಲ. ಅತ್ತೆ ಗೂಡಿಗೆ ಬೆನ್ನು ಕೊಟ್ಟು, ತೋಳು ಚಾಚಿ ನಿಂತಿದ್ದಳು.

“ಮುಚ್ಚಬ್ಯಾಡಂತ ಕಾಲು ಹಿಡದಾಗ ಮುಚ್ಚಿದಿ. ಈಗ್ಯಾಕ ತೆಗಿತಿ?”

“ಹೊರಗ ಯಾರೂ ಇಲ್ಲಂತ ನಿನ್ನ ಕಣ್ಣಿಗೆ ಕಾಣಲಿ ಅಂತ ತಂಗೆವ್ವಾ.”

“ತೆಗದ್ರ ಇಲ್ಲಂತ ಗೊತ್ತಾಕ್ಕೈತಿ. ಮುಚ್ಚಿದ್ರ ಅದಾರಂತ ಗೊತ್ತಾಕ್ಕೈತಿ. ಅಣ್ಣಾಗಿ ನೀನ ಹೇಳು, ನನಗ ಯಾವುದು ಕೊಡ್ತಿ?”

ಅಪ್ಪ ಗುದ್ದಲಿಯನ್ನು ಬಾಗಿಲಿಗೆ ಒರಗಿಸಿ ಹೊರಗೆ ಹೋದ. ಆ ದಿನದಿಂದ ನಮ್ಮ ಮನೆಯಲ್ಲಿ ಕಿಟಕಿಯ ಮಾತು ನಿಂತಿತು. ಅದನ್ನು ತೆರೆಯುವ ಅಧಿಕಾರ ಅತ್ತೆ ಒಬ್ಬಳದೇ ಎಂಬುದನ್ನು ಯಾರೂ ಆಡದೆ ಎಲ್ಲರೂ ಒಪ್ಪಿದೆವು.

ಮಳೆಗಾಲ ಬಂದಾಗ ಖಾಸಿಂಸಾಬರು ಯಂತ್ರ ಎತ್ತಿದರು. ಒಂದೆರಡು ಬೇಸಿಗೆ ಮತ್ತೆ ಬಂದರು. ಆಮೇಲೆ ಮನೆಮನೆಗೆ ಟಿ.ವಿ. ಬಂತು, ಅವರು ಬರಲಿಲ್ಲ. ಆಯಿ ಹೋದಳು, ಅಪ್ಪ ಹೋದ, ಅವ್ವ ಹೋದಳು. ಶಾಲೆಯ ಮೇಷ್ಟರ ಕೆಲಸ ಬಿಟ್ಟ ಮೇಲೂ ನಾನು ಮತ್ತು ನನ್ನ ಹೆಂಡತಿ ಶಾಂತಾ ಅದೇ ಮನೆಯಲ್ಲಿದ್ದೇವೆ, ಅತ್ತೆಯೊಂದಿಗೆ. ಮನೆಯಲ್ಲಿ ಬಹಳಷ್ಟು ಬದಲಾಗಿದೆ: ನೆಲಕ್ಕೆ ಕಲ್ಲು ಹಾಕಿಸಿದೆವು, ಕೊಟ್ಟಿಗೆಯನ್ನು ಅಡಿಗೆಮನೆಗೆ ಸೇರಿಸಿದೆವು. ಹಿಂದಿನ ಕೋಣೆಯನ್ನು ಮಾತ್ರ ಮುಟ್ಟಲಿಲ್ಲ. ಮಳೆ ಹಿಡಿದ ಸಂಜೆಗಳಲ್ಲಿ, ಹೊಲದಲ್ಲಿ ಏನೂ ಇಲ್ಲದಿದ್ದರೂ, ಅತ್ತೆ ಗೂಡಿಗೆ ಹಣೆ ಇಟ್ಟು ತುಟಿ ಅಲುಗಿಸುತ್ತಿದ್ದಳು. ಶಾಂತಾ ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಕೇಳಿದ್ದಳು.

“ಅತ್ತಿ, ಏನ್ ಮಾಡಾಕತ್ತೀರಿ?”

“ಮರತಾರವ್ವಾ ಅವರು. ಈಗ ನಾ ಮೊದಲ ಹೇಳಬೇಕು, ಅವರು ಹಿಂದಿಂದ ಹೇಳ್ತಾರ.”

ಶಾಂತಾ ಒಂದು ವಾರ ತವರಿಗೆ ಹೋಗಿದ್ದಳು. ತಿರುಗಿ ಬಂದಳು, ಅತ್ತೆಯೊಂದಿಗೆ ಬಾಳಿದಳು.

ಅದು ಕಳೆದ ಚಳಿಗಾಲ. ನನ್ನ ಹಳೆಯ ವಿದ್ಯಾರ್ಥಿ, ತುರ್ವಿಹಾಳದ ರುದ್ರೇಶ, ಮನೆಗೆ ಬಂದ. ಸಿಂಧನೂರಿನಲ್ಲಿ ಅವನಿಗೆ ಟ್ರ್ಯಾಕ್ಟರ್ ಮಳಿಗೆಯಿದೆ. ಕಾರಿನಲ್ಲಿ ಕೂತು ಸಿನಿಮಾ ನೋಡುವ ಬಯಲು ಆಟವನ್ನು ನಮ್ಮ ಹೊಲದಲ್ಲಿ ಶುರು ಮಾಡುವುದು ಅವನ ಆಸೆ.

“ಈಗೇನ್ ಕಮ್ಮಿ ಐತೋ, ಮೊಬೈಲಿನ್ಯಾಗ ಎಲ್ಲಾ ಸಿನಿಮಾ ಅದಾವ,” ಎಂದೆ ನಾನು.

“ಅದಕ್ಕ ಬರ್ತಾರ್ರೀ. ಮೊಬೈಲಿನ್ಯಾಗ ಒಬ್ಬಾಂವ ನೋಡ್ತಾನ, ಮನಿ ಮಂದಿ ಒಬ್ಬೊಬ್ರು ಒಂದೊಂದು ಮೂಲ್ಯಾಗ. ಕಾರಿನ್ಯಾಗ ಕುಂದ್ರಿಸಿ ಬಾಗಿಲ ಹಾಕಿದ್ರ ಎಲ್ಲಾರೂ ಒಂದ ನೋಡಬೇಕು, ಬ್ಯಾರೆ ದಾರಿ ಇಲ್ಲ. ನಮ್ಮ ಮುತ್ಯಾ ಇದ ಗೋಡಿ ಮುಂದ ಟ್ರ್ಯಾಕ್ಟರ್ ನಿಂದ್ರಸಿ ನೋಡ್ಯಾನಂತ, ಸಾಯೋ ಮಟ ಅದನ್ನ ಹೇಳ್ತಿದ್ದ.”

ಗೋಡೆಯ ಮಬ್ಬು ಚೌಕವನ್ನು ಒಡೆದು ಸಿಮೆಂಟು ಹಾಕಿಸಬೇಕೆಂದು ಅವನು ಹೇಳಿದಾಗ ನಾನು ಅತ್ತೆಯನ್ನು ಕೇಳುವಂತೆ ಹೇಳಿದೆ. ಅತ್ತೆ ಅವನ ಮಾತನ್ನೆಲ್ಲ ಕೇಳಿ, ಮೊದಲು ಒಂದು ಆಟ ಆಡಿಸು, ಆಮೇಲೆ ಹೇಳುತ್ತೇನೆ ಎಂದಳು.

ಮೊದಲ ಆಟದ ಸಂಜೆ ಹೊಲ ತುಂಬಿತು. ಕಾರುಗಳು, ಜೀಪುಗಳು, ಟ್ರಾಲಿಯಲ್ಲಿ ಹಾಸಿಗೆ ಹಾಸಿದ ಟ್ರ್ಯಾಕ್ಟರುಗಳು. ಅತ್ತೆ ಹೊಸ ಸೀರೆಯುಟ್ಟು ಗೂಡಿನಲ್ಲಿ ಕೂತಳು. ಗೋಡೆಯ ಮೇಲೆ ಬೆಳಕು ಬಿದ್ದಿತು. ಸದ್ದು ಬರಲಿಲ್ಲ. ಈಗಿನ ಪದ್ಧತಿಯಲ್ಲಿ ಸಿನಿಮಾದ ಮಾತು ಎಫ್.ಎಂ. ಮೂಲಕ ಪ್ರತಿ ಕಾರಿನೊಳಗಿನ ರೇಡಿಯೋಕ್ಕೆ ಹೋಗುತ್ತದೆ, ಟ್ರ್ಯಾಕ್ಟರಿನವರು ಮೊಬೈಲಿನಲ್ಲಿ ಕೇಳುತ್ತಾರೆ. ಕಾರಿನ ಗಾಜುಗಳು ಏರಿದ್ದವು. ಅಷ್ಟು ಜನ ತುಂಬಿದ ಹೊಲದಿಂದ ನಮ್ಮ ಗೋಡೆಗೆ ಒಂದು ಕೆಮ್ಮು ಕೂಡ ತಾಗಲಿಲ್ಲ. ನಾನು ಹೊರಗೆ ಹೋಗಿ ನೋಡಿದೆ: ಗೋಡೆಯ ಮೇಲೆ ದೊಡ್ಡ ಬಾಯಿಗಳು ತೆರೆದು ಮುಚ್ಚುತ್ತಿದ್ದವು, ಎದುರಿಗೆ ಗಾಜಿನ ಹಿಂದೆ ನೀಲಿ ಮುಖಗಳು ನಗುತ್ತಿದ್ದವು, ಎರಡೂ ಕಡೆ ಸದ್ದಿಲ್ಲ. ಒಳಗೆ ಬಂದಾಗ ಅತ್ತೆ ಗೋಡೆಯಿಂದ ಒಂದು ಕಿವಿ ತೆಗೆದು ಇನ್ನೊಂದು ಕಿವಿ ಇಡುತ್ತಿದ್ದಳು.

“ಯಾರೂ ಬಂದಿಲ್ಲೇನೋ?”

“ಹೊಲ ತುಂಬೇತಿ ಅತ್ತಿ.”

ಅವಳು ತಲೆಯೆತ್ತಿ ಮಾಳಿಗೆಯ ಕಡೆ ನೋಡಿದಳು. ಮಾಳಿಗೆ ಸುಮ್ಮನಿತ್ತು.

“ಹಂಗಾದ್ರ ತೆಗಸಪಾ ಕಿಟಕಿ. ಇನ್ನ ಕಣ್ಣಿಲೇ ನೋಡಬೇಕು.”

ರುದ್ರೇಶನಿಗೆ ಇದು ಸಂಕಟದ ವಿಷಯ. ಪರದೆಯಲ್ಲಿ ತೂತು ಬಿದ್ದರೆ ಜನ ಏನೆಂದಾರು ಎಂದು ನನ್ನನ್ನು ಕೇಳಿದ. ಒಂದು ಆಟಕ್ಕೆ ಮಾತ್ರ, ಆಮೇಲೆ ನಿನ್ನ ಗೋಡೆ ನೀನು ಮಾಡಿಕೋ ಎಂದು ಅತ್ತೆಯೇ ಅವನಿಗೆ ಮಾತು ಕೊಟ್ಟಳು. ಗೌಂಡಿ ಇಟ್ಟಿಗೆಗಳನ್ನು ಒಳಗಿನಿಂದ ಒಂದೊಂದಾಗಿ ಬಿಚ್ಚಿದ. ಒಳಗೆ ಏನೂ ಇರಲಿಲ್ಲ. ಮಣ್ಣು, ಹೊಟ್ಟು, ಒಂದು ಇರುವೆಯ ಗೂಡು. ನಾನು ನಿಂತು ಎಲ್ಲವನ್ನೂ ನೋಡಿದ್ದೇನೆ.

ಎರಡನೆಯ ಆಟ ಶುರುವಾದಾಗ ಅತ್ತೆ ಕಿಟಕಿಯ ಹೊಸ್ತಿಲ ಮೇಲೆ ಕಾಲು ಮಡಚಿ ಕೂತಿದ್ದಳು. ಸಿನಿಮಾ ಅವಳ ಸುತ್ತ ನಡೆಯಿತು. ಗೋಡೆಯಗಲದ ಮದುವೆಯ ನಡುವೆ ಒಬ್ಬಳು ನಿಜವಾದ ಮುದುಕಿ. ಯಂತ್ರದ ಬೆಳಕಿಗೆ ಅವಳು ಹಣೆಗೆ ಕೈ ಅಡ್ಡ ಹಿಡಿದು, ಗಾಜುಗಳ ಹಿಂದಿನ ಮುಖಗಳನ್ನು ಸಾಲಾಗಿ, ಬಲದಿಂದ ಎಡಕ್ಕೆ ನೋಡತೊಡಗಿದಳು. ಮುದುಕರ ಮೇಲೆ ಅವಳ ಕಣ್ಣು ನಿಲ್ಲಲಿಲ್ಲ. ಮೂವತ್ತೈದರ ಆಸುಪಾಸಿನ ಗಂಡಸರ ಮೇಲೆ ನಿಲ್ಲುತ್ತಿತ್ತು. ಇಷ್ಟನ್ನು ಹೊರಗಿನಿಂದ ಕಂಡು, ನಾನು ಕೋಣೆಯೊಳಗೆ ಬಂದು ಅವಳ ಹಿಂದೆ ಒಂದು ಪಕ್ಕಕ್ಕೆ ನಿಂತೆ. ಹಿಂದಿನ ಸಾಲಿನವರು ಅವಳನ್ನೂ ಸಿನಿಮಾದ ಭಾಗವೆಂದೇ ತಿಳಿದರೆಂದು ಕಾಣುತ್ತದೆ. ಚಪ್ಪಾಳೆಗೆ ಬದಲಾಗಿ ಹೆಡ್‌ಲೈಟು ಬೆಳಗಿಸಿದರು. ಒಂದರ ಹಿಂದೊಂದು ಹೊಲದ ದೀಪಗಳೆಲ್ಲ ಹೊತ್ತಿಕೊಂಡು ಆ ತೂತಿನಿಂದ ನಮ್ಮ ಕೋಣೆಗೆ ನುಗ್ಗಿದವು. ಒಳಗೋಡೆಯ ಮೇಲೆ ನೆರಳುಗಳು ಎದ್ದವು. ಅತ್ತೆಯದೊಂದು, ಅದರ ಪಕ್ಕದಲ್ಲಿ ಒಬ್ಬ ಗಂಡಸಿನದು. ಅದು ನನ್ನದೇ ಎಂದು ಖಚಿತಪಡಿಸಿಕೊಳ್ಳಲು ನಾನು ಬಲಗೈ ಎತ್ತಿದೆ. ತುಸು ತಡವಾಗಿ ಎನಿಸಿದರೂ, ನೆರಳೂ ಎತ್ತಿತು.

ಅತ್ತೆ ಬೆಳಕಿಗೆ ಬೆನ್ನು ತಿರುಗಿಸಿ ಹೊಸ್ತಿಲಿನಿಂದ ಇಳಿದಳು. ನಾನು ಕೈ ಕೊಟ್ಟೆ.

“ಎಲ್ಲಾರ ಮುಖಾನೂ ನೋಡಿದೆ,” ಎಂದಳು. “ಅವರು ಬಂದಿಲ್ಲ. ಇನ್ನ ಬರೂದೂ ಇಲ್ಲ. ನಾಳಿ ಗೌಂಡೀನ ಕರಸಿ ಮುಚ್ಚಸಿಬಿಡು, ಆ ಹುಡುಗಗ ತ್ರಾಸ ಬ್ಯಾಡ.”

ಮಾವನ ಕುರಿತ ವಾಕ್ಯವನ್ನು ಕೊನೆಗೂ ಅತ್ತೆಯೇ ಪೂರ್ತಿ ಮಾಡಿದಳು. ಅಂದು ೨೦೨೫ನೆಯ ಇಸವಿ, ಫೆಬ್ರವರಿ ತಿಂಗಳ ಎಂಟನೆಯ ತಾರೀಖು, ಶನಿವಾರ.